ಆ್ಯಪ್ ನೂರಾರು, ಕೆಲಸ ನಾಲ್ಕಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ನಿಮ್ಮ ಫೋನಿನಲ್ಲಿರುವ ಆ್ಯಪ್‌ಗಳಲ್ಲಿ ದಿನವೂ ಕೆಲಸಕ್ಕೆ ಬರುವವು ಎಷ್ಟು ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಲೆಕ್ಕ ಹೇಳಿದವರು ಕೆಲವರೇ. ಹೆಚ್ಚಿನವರು ಮರುಪ್ರಶ್ನೆ ಹಾಕಿದ್ದಾರೆ. 2008ರ ಜುಲೈನಲ್ಲಿ ಆ್ಯಪಲ್ ಕಂಪನಿ ತನ್ನ ಆ್ಯಪ್ ಸ್ಟೋರ್ ತೆರೆದಾಗ ಅಲ್ಲಿದ್ದದ್ದು ಸುಮಾರು 500 ಆ್ಯಪ್‌ಗಳು. ಬಿಡುವಿದ್ದವರು ಕೂತು ಒಂದೊಂದನ್ನೇ ನೋಡಿ ಮುಗಿಸಬಹುದಿತ್ತು. ಈಗ ಅವು ಲಕ್ಷಗಟ್ಟಲೆ ಇರುವುದರಿಂದ ಆರಿಸುವುದೇ ಒಂದು ಕೆಲಸವಾಗಿಬಿಟ್ಟಿದೆ. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ‘ಅತ್ಯುತ್ತಮ ಹತ್ತು ಆ್ಯಪ್‌ಗಳು’ ಎಂಬ ಪಟ್ಟಿಯನ್ನು ನಿರೀಕ್ಷಿಸಿದವರಿಗೆ ನಿರಾಸೆಯಾದೀತು, ಕ್ಷಮೆಯಿರಲಿ.

ಪ್ರಶ್ನೆ: ನಾನು ಶಿಕ್ಷಕಿ. ಮಾಡಬೇಕಾದ ಕೆಲಸಗಳನ್ನು ಬರೆದಿಡಲು ಮೂರು ಆ್ಯಪ್, ಟಿಪ್ಪಣಿಗೆ ಎರಡು ಆ್ಯಪ್ ಹಾಕಿಕೊಂಡಿದ್ದೇನೆ. ಬರೆದದ್ದು ಯಾವುದರಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ತಿಳಿಸುವಿರಾ?

ಉತ್ತರ: ಐದೂ ಒಳ್ಳೆಯವೇ ಇರಬಹುದು, ತೊಡಕು ಇರುವುದು ಐದು ಇರುವುದರಲ್ಲಿ. ನೀವು ಫೋನಿನಲ್ಲಿ ಬರೆದಿಡುವ ಸಂಗತಿಗಳನ್ನು ಒಮ್ಮೆ ಗಮನಿಸಿ ನೋಡಿ. ಅವೆಲ್ಲ ಮೂರು ಬಗೆಯವು. ಇಂಥ ದಿನ, ಇಂಥ ಹೊತ್ತಿಗೇ ಆಗಬೇಕಾದವು ಮೊದಲನೆಯ ಬಗೆ. ಹೊತ್ತು ಗೊತ್ತಾಗಿಲ್ಲದಿದ್ದರೂ ಮಾಡಿ ಮುಗಿಸಲೇಬೇಕಾದವು ಎರಡನೆಯವು. ಮಾಡುವುದೇನೂ ಇಲ್ಲ, ಮುಂದೆ ಬೇಕಾದಾಗ ಕೈಗೆ ಸಿಕ್ಕರೆ ಸಾಕು ಎನ್ನುವಂಥವು ಮೂರನೆಯವು. ಮೊದಲನೆಯದಕ್ಕೆ ಕ್ಯಾಲೆಂಡರ್, ಎರಡನೆಯದಕ್ಕೆ ಕೆಲಸದ ಪಟ್ಟಿ, ಮೂರನೆಯದಕ್ಕೆ ಟಿಪ್ಪಣಿ ಪುಸ್ತಕ. ಒಂದೊಂದು ಬಗೆಗೆ ಒಂದೇ ಜಾಗ ಎಂದು ಗಟ್ಟಿ ಮಾಡಿಕೊಂಡರೆ ಹುಡುಕಾಟದ ಮುಕ್ಕಾಲು ಪಾಲು ಅಲ್ಲಿಗೇ ನಿಲ್ಲುತ್ತದೆ.

ನಿಮ್ಮದೇ ಕೆಲಸದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಗುರುವಾರ ಸಂಜೆ 4 ಗಂಟೆಗೆ ಪೋಷಕರ ಸಭೆ ಇದೆ, ಅದಕ್ಕೆ ಮೊದಲು ಹಾಜರಿ ಪಟ್ಟಿ ಮುದ್ರಿಸಿಕೊಳ್ಳಬೇಕು, ಹಿಂದಿನ ಸಭೆಯಲ್ಲಿ ಪೋಷಕರು ಎತ್ತಿದ ಮೂರು ದೂರುಗಳು ನೆನಪಿನಲ್ಲಿರಬೇಕು ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ಈ ಮೂರನ್ನೂ ಒಂದೇ ಟಿಪ್ಪಣಿಯಲ್ಲಿ ಗೀಚಿಡುತ್ತೇವೆ. ಆ ಟಿಪ್ಪಣಿಯನ್ನು ಮತ್ತೆ ತೆರೆಯುವುದು ಸಭೆ ಮುಗಿದ ಮೇಲೆ. ಬದಲಿಗೆ ಸಭೆಯನ್ನು ಕ್ಯಾಲೆಂಡರಿನಲ್ಲಿ ಹಾಕಿ ಅರ್ಧ ಗಂಟೆ ಮೊದಲು ಸೂಚನೆ ಬರುವಂತೆ ಮಾಡಿ. ‘ಹಾಜರಿ ಪಟ್ಟಿ ಮುದ್ರಿಸುವುದು’ ಎಂಬುದನ್ನು ಕೆಲಸದ ಪಟ್ಟಿಗೆ ಸೇರಿಸಿ ಬುಧವಾರದ ದಿನಾಂಕ ಕೊಡಿ. ದೂರುಗಳನ್ನು ಟಿಪ್ಪಣಿಯಲ್ಲಿ ಬರೆದು, ಅದರ ಕೊಂಡಿಯನ್ನು ಕ್ಯಾಲೆಂಡರಿನ ವಿವರಣೆಯ ಜಾಗದಲ್ಲಿ ಅಂಟಿಸಿ. ಕೊಂಡಿ ಕಿರಿಕಿರಿ ಎನಿಸಿದರೆ ಟಿಪ್ಪಣಿಯ ತಲೆಬರಹವನ್ನಷ್ಟೇ ಬರೆದರೂ ನಡೆಯುತ್ತದೆ.

ಇದಕ್ಕೆ ಹೊಸದಾಗಿ ಏನನ್ನೂ ತರಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನವರಿಗೆ ಗೂಗಲ್ ಕ್ಯಾಲೆಂಡರ್, ಗೂಗಲ್ ಟಾಸ್ಕ್ಸ್, ಗೂಗಲ್ ಕೀಪ್ ಸಾಕು. ಟಾಸ್ಕ್ಸ್‌ನಲ್ಲಿ ದಿನಾಂಕ ಕೊಟ್ಟ ಕೆಲಸ ಕ್ಯಾಲೆಂಡರಿನಲ್ಲೂ ಕಾಣಿಸಿಕೊಳ್ಳುವುದರಿಂದ ಎರಡು ಕಡೆ ನೋಡುವ ಗೋಜಿಲ್ಲ. ಐಫೋನಿನಲ್ಲಿ ಕ್ಯಾಲೆಂಡರ್, ರಿಮೈಂಡರ್ಸ್, ನೋಟ್ಸ್ ಮೊದಲೇ ಇರುತ್ತವೆ. ಕಚೇರಿಯ ಕೆಲಸ ಔಟ್‌ಲುಕ್‌ನಲ್ಲಿ ನಡೆಯುವವರಿಗೆ ಮೈಕ್ರೋಸಾಫ್ಟ್ ಟು ಡೂ ಹೆಚ್ಚು ಒಗ್ಗುತ್ತದೆ. ಇವುಗಳಲ್ಲಿ ಆಗದ ಕೆಲಸವೊಂದು ನಿಮಗೆ ನಿಜವಾಗಿ ಎದುರಾದ ಮೇಲೆ, ಆ ಒಂದು ಕೆಲಸದ ಸಲುವಾಗಿ ಬೇರೆಯದನ್ನು ಹುಡುಕಿ. ಮುಂದೆಂದಾದರೂ ಬೇಕಾದೀತು ಎಂದು ಈಗಲೇ ಹಾಕಿಕೊಂಡ ಆ್ಯಪ್, ನಾನು ಕಂಡ ಮಟ್ಟಿಗೆ, ಬೇಕಾಗುವ ದಿನ ನೆನಪಿಗೇ ಬರುವುದಿಲ್ಲ.

ಎರಡು ಆ್ಯಪ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಫೋನು ಲಾಕ್ ಆಗಿರುವಾಗ ಕೈಗೆತ್ತಿಕೊಂಡು, ‘ನಾಳೆ ಪುಸ್ತಕ ಹಿಂತಿರುಗಿಸಬೇಕು’ ಎಂಬ ಒಂದು ಸಾಲನ್ನು ಬರೆದು ಮುಗಿಸಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಹತ್ತು ಸೆಕೆಂಡು ಮೀರುವ ಆ್ಯಪ್ ಎಷ್ಟೇ ಚೆಂದವಿದ್ದರೂ ನೀವು ಅದನ್ನು ಬಹುಕಾಲ ಬಳಸುವುದಿಲ್ಲ. ನೀವು ಆರಿಸಿಕೊಂಡ ಆ್ಯಪಿನ ವಿಜೆಟ್ಟನ್ನು, ಅಂದರೆ ಆ್ಯಪನ್ನು ಹುಡುಕಿ ತೆರೆಯದೆಯೇ ಬಳಸುವ ಅದರ ಪುಟ್ಟ ಚೌಕವನ್ನು, ಹೋಮ್ ಸ್ಕ್ರೀನಿನ ಮೇಲೆ ಇಟ್ಟುಕೊಂಡರೆ ಎರಡು ಮೂರು ಸೆಕೆಂಡು ಉಳಿಯುತ್ತದೆ. ಬಣ್ಣ, ಲೇಬಲ್, ಆದ್ಯತೆಯ ಗುರುತುಗಳ ಮೋಹಕ್ಕೆ ಬೀಳಬೇಡಿ. ನಾನೊಮ್ಮೆ ಇಡೀ ಭಾನುವಾರ ಕೂತು ನಲವತ್ತು ಕೆಲಸಗಳಿಗೆ ಏಳು ಬಣ್ಣ ಹಚ್ಚಿದ್ದೆ. ಸಂಜೆಯ ಹೊತ್ತಿಗೆ ಪಟ್ಟಿ ಕಾಮನಬಿಲ್ಲಿನಂತೆ ಹೊಳೆಯುತ್ತಿತ್ತು, ನಲವತ್ತರಲ್ಲಿ ಒಂದೂ ಮುಗಿದಿರಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಒಂದು ದಿನ ‘ಕರಾರು ಪತ್ರ’ ಎಂದು ಕನ್ನಡ ಲಿಪಿಯಲ್ಲಿಯೂ ಇನ್ನೊಂದು ದಿನ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆದಿಟ್ಟರೆ, ಹುಡುಕುವಾಗ ಒಂದು ಸಿಕ್ಕಿ ಇನ್ನೊಂದು ಸಿಗುವುದಿಲ್ಲ. ತಲೆಬರಹವನ್ನಾದರೂ ಯಾವಾಗಲೂ ಒಂದೇ ಲಿಪಿಯಲ್ಲಿ ಬರೆಯುವ ರೂಢಿ ಇರಲಿ. ಬೆರಳಚ್ಚು ನಿಧಾನ ಎನ್ನುವವರಿಗೆ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡವನ್ನು ಬಾಯಲ್ಲಿ ಹೇಳಿ ಬರೆಸುವ, ಬೆರಳಿನಿಂದ ಪರದೆಯ ಮೇಲೆ ಬರೆಯುವ ಸೌಲಭ್ಯಗಳೆರಡೂ ಇವೆ.

ಇನ್ನು ಆ ಐದು ಆ್ಯಪ್‌ಗಳಲ್ಲಿ ಚದುರಿರುವ ಹಳೆಯ ಬರಹಗಳ ಗತಿ ಏನು ಎಂದು ನೀವು ಕೇಳಬಹುದು. ಎಲ್ಲವನ್ನೂ ಸಾಗಿಸಲು ಹೋಗಬೇಡಿ. ಇವತ್ತಿನಿಂದ ಹೊಸದನ್ನೆಲ್ಲ ಹೊಸ ಜಾಗದಲ್ಲೇ ಬರೆಯಿರಿ; ಹಳೆಯದರಲ್ಲಿ ಯಾವುದಾದರೂ ಬೇಕಾಗಿ ತೆರೆದಾಗ ಅದೊಂದನ್ನು ಮಾತ್ರ ಇತ್ತ ತನ್ನಿ. ಮೂರು ತಿಂಗಳಾದರೂ ಯಾರೂ ಕರೆಯದೆ ಅಲ್ಲೇ ಉಳಿದದ್ದನ್ನು ಒಮ್ಮೆ ಕಣ್ಣಾಡಿಸಿ ಅಳಿಸಬಹುದು.

ಪ್ರಶ್ನೆ: ವರ್ಷಗಟ್ಟಲೆ ಉಚಿತವಾಗಿ ಬಳಸಿದ ಟಿಪ್ಪಣಿ ಆ್ಯಪ್ ಒಂದು ಈಗ ಇದ್ದಕ್ಕಿದ್ದಂತೆ ಹಣ ಕೇಳುತ್ತಿದೆ. ಮುಂದೆ ಹೀಗಾಗದಂಥ ಆ್ಯಪ್ ಯಾವುದು?

ಉತ್ತರ: ಹೀಗಾಗುವುದೇ ಇಲ್ಲ ಎಂದು ಭರವಸೆ ಕೊಡಬಹುದಾದ ಆ್ಯಪ್ ನನಗೆ ಗೊತ್ತಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿಗೆ ಹೆಸರಾಗಿದ್ದ ವಂಡರ್‌ಲಿಸ್ಟ್ ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡುಕೊಂಡು 2020ರ ಮೇ 6ರಂದು ಮುಚ್ಚಿತು; ಬಳಕೆದಾರರು ತಮ್ಮ ಪಟ್ಟಿಗಳನ್ನು ಟು ಡೂ ಆ್ಯಪಿಗೆ ಸಾಗಿಸಿಕೊಳ್ಳಬೇಕಾಯಿತು. ಟಿಪ್ಪಣಿ ಆ್ಯಪ್ ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ತನ್ನ ಉಚಿತ ಖಾತೆಯನ್ನು 50 ಟಿಪ್ಪಣಿ ಮತ್ತು ಒಂದು ನೋಟ್‌ಬುಕ್‌ಗೆ ಸೀಮಿತಗೊಳಿಸಿತು. ಸಾವಿರಾರು ಟಿಪ್ಪಣಿ ಇದ್ದವರ ಹಳೆಯ ಬರಹಗಳು ಮಾಯವಾಗಲಿಲ್ಲ, ಆದರೆ ಹೊಸದನ್ನು ಸೇರಿಸುವ ದಾರಿ ಮುಚ್ಚಿತು. ಸರ್ವರ್ ನಡೆಸಲು, ನೌಕರರಿಗೆ ಸಂಬಳ ಕೊಡಲು ಹಣ ಬೇಕು. ಆ ಹಣ ನಿಮ್ಮಿಂದ ಬರಬೇಕು, ಇಲ್ಲವೇ ಜಾಹೀರಾತಿನಿಂದ ಬರಬೇಕು, ಇಲ್ಲವೇ ದೊಡ್ಡ ಕಂಪನಿಯೊಂದು ಬೇರೆ ವ್ಯಾಪಾರದ ಲಾಭದಿಂದ ಸಾಕಬೇಕು. ಇದರಲ್ಲಿ ತಪ್ಪೇನಿಲ್ಲ. ತಪ್ಪು ಎನಿಸುವುದು ಹೊರಡುವ ಬಾಗಿಲಿಗೆ ಬೀಗ ಹಾಕಿಟ್ಟಾಗ.

ಆದ್ದರಿಂದ ಆ್ಯಪನ್ನು ಒಳಗೆ ಬಿಟ್ಟುಕೊಳ್ಳುವ ದಿನವೇ ಹೊರಗೆ ಹೋಗುವ ದಾರಿಯನ್ನು ನೋಡಿಟ್ಟುಕೊಳ್ಳಿ. ನಾಲ್ಕೈದು ಟಿಪ್ಪಣಿಗಳನ್ನು ಬರೆದು, ಒಂದಕ್ಕೆ ಚಿತ್ರವನ್ನೂ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಎಂಬುದನ್ನು ಹುಡುಕಿ ಒತ್ತಿ. ಹೊರಬಂದ ಕಡತವನ್ನು ಬೇರೆ ಆ್ಯಪಿನಲ್ಲಿ ತೆರೆದು ನೋಡಿ: ಅಕ್ಷರಗಳು ಸರಿಯಾಗಿ ಕಾಣುತ್ತವೆಯೇ, ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿಲ್ಲವೇ, ಚಿತ್ರ ಜೊತೆಗೆ ಬಂದಿದೆಯೇ? ಸಾದಾ ಪಠ್ಯ, ಎಚ್‌ಟಿಎಂಎಲ್, ಪಿಡಿಎಫ್ ರೂಪದಲ್ಲಿ ಹೊರತೆಗೆಯಲು ಬಿಡುವ ಆ್ಯಪನ್ನು ನಂಬಬಹುದು. ತನ್ನದೇ ರೂಪದಲ್ಲಿ, ತನ್ನಲ್ಲೇ ತೆರೆಯುವಂತೆ ಮಾತ್ರ ಕೊಡುವುದಾದರೆ ಅದು ಕೊಟ್ಟಂತಾಗಲಿಲ್ಲ. ಗೂಗಲ್ ಸೇವೆಗಳಲ್ಲಿರುವುದನ್ನು ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ಒಟ್ಟಿಗೆ ಇಳಿಸಿಕೊಳ್ಳಬಹುದು. ಕೀಪ್‌ನ ಟಿಪ್ಪಣಿಗಳೂ ಅದರಲ್ಲಿ ಬರುತ್ತವೆ. ವರ್ಷಕ್ಕೆರಡು ಸಲ ಹೀಗೆ ಇಳಿಸಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡವರಿಗೆ ಇಂಥ ಸುದ್ದಿ ಬಂದಾಗ ಎದೆ ಹೊಡೆದುಕೊಳ್ಳುವುದಿಲ್ಲ.

ಹಣ ಕೊಟ್ಟು ಬಳಸುತ್ತಿದ್ದ ಆ್ಯಪನ್ನು ಬಿಡುವವರು ಇನ್ನೊಂದನ್ನು ನೆನಪಿಡಬೇಕು. ಫೋನಿನಿಂದ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನ ನಿಮ್ಮ ಖಾತೆಯಲ್ಲಿರುವ ‘ಸಬ್‌ಸ್ಕ್ರಿಪ್ಷನ್ಸ್’ ಪುಟಕ್ಕೆ ಹೋಗಿ ಅಲ್ಲಿ ನಿಲ್ಲಿಸಬೇಕು. ಆ ಪುಟವನ್ನು ಇದುವರೆಗೂ ತೆರೆದು ನೋಡದವರು ಈ ಅಂಕಣವನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ನೋಡಿಬರುವುದು ಒಳ್ಳೆಯದು.

ಪ್ರಶ್ನೆ: ಫೋನು ವೇಗವಾಗಲು ಮೆಮೊರಿ ಕ್ಲೀನರ್, ಬ್ಯಾಟರಿ ಉಳಿಸುವ ಆ್ಯಪ್‌ಗಳಲ್ಲಿ ಯಾವುದು ಸೂಕ್ತ?

ಉತ್ತರ: ಯಾವುದೂ ಬೇಡ. ತೆರೆದ ಆ್ಯಪ್‌ಗಳನ್ನು ಮೆಮೊರಿಯಲ್ಲಿ ಎಷ್ಟು ಹೊತ್ತು ಇಡಬೇಕು, ಯಾವಾಗ ಹೊರಹಾಕಬೇಕು ಎಂಬುದನ್ನು ಆಂಡ್ರಾಯ್ಡ್ ಮತ್ತು ಐಒಎಸ್ (ಐಫೋನನ್ನು ನಡೆಸುವ ತಂತ್ರಾಂಶ) ತಾವೇ ನೋಡಿಕೊಳ್ಳುತ್ತವೆ. ಬಲವಂತವಾಗಿ ಮುಚ್ಚಿದ ಆ್ಯಪನ್ನು ಮತ್ತೆ ತೆರೆದಾಗ ಅದು ಬುಡದಿಂದ ಆರಂಭವಾಗಬೇಕಾಗುತ್ತದೆ. ಆಗ ಖರ್ಚಾಗುವ ಬ್ಯಾಟರಿಯೇ ಹೆಚ್ಚು. ಆ್ಯಪ್‌ಗಳನ್ನು ಹೀಗೆ ಮುಚ್ಚುತ್ತಾ ಹೋದರೆ ಬ್ಯಾಟರಿ ಉಳಿಯುತ್ತದೆಯೇ ಎಂದು ಗ್ರಾಹಕರೊಬ್ಬರು 2016ರಲ್ಲಿ ಕೇಳಿದ್ದಕ್ಕೆ ಆ್ಯಪಲ್‌ನ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡೆರಿಗಿ ಇಲ್ಲ ಎಂದೇ ಉತ್ತರಿಸಿದ್ದರು. ಫೋನು ನಿಧಾನವಾಗಿದ್ದರೆ ಮೊದಲು ಸ್ಟೋರೇಜ್ ತುಂಬಿದೆಯೇ ಎಂದು ನೋಡಿ.

ಪ್ರಶ್ನೆ: ನನ್ನ ಎಲ್ಲ ಪಾಸ್‌ವರ್ಡ್‌ಗಳನ್ನೂ ‘ಮುಖ್ಯ’ ಎಂಬ ಒಂದೇ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮಗಳು ಬೈಯುತ್ತಾಳೆ. ಇದಕ್ಕೊಂದು ಪ್ರತ್ಯೇಕ ಆ್ಯಪ್ ನಿಜಕ್ಕೂ ಬೇಕೇ?

ಉತ್ತರ: ಬೇಕು. ಹೊಸ ಆ್ಯಪ್ ಬೇಡ ಎಂದೇ ಸದಾ ಹೇಳುವ ನಾನು ಇದೊಂದಕ್ಕೆ ಅಪವಾದ ಮಾಡುತ್ತೇನೆ. ನಿಮ್ಮ ಮಗಳ ಮಾತು ಸರಿ. ಫೋನು ಒಂದು ನಿಮಿಷ ಬೇರೆಯವರ ಕೈಗೆ ಹೋದರೂ ಆ ಟಿಪ್ಪಣಿಯ ಒಂದು ಸ್ಕ್ರೀನ್‌ಶಾಟ್ ಸಾಕು. ಅದೂ ‘ಮುಖ್ಯ’ ಎಂಬ ತಲೆಬರಹ ಕೊಟ್ಟು ದಾರಿಯನ್ನೂ ತೋರಿಸಿದ್ದೀರಿ!

ಪಾಸ್‌ವರ್ಡ್ ಮ್ಯಾನೇಜರ್ ಎನ್ನುವುದು ಎಲ್ಲವನ್ನೂ ಗೂಢಲಿಪಿಯಲ್ಲಿ ಕೂಡಿಟ್ಟು, ನಿಮ್ಮ ಬೆರಳ ಗುರುತು ಅಥವಾ ಒಂದು ಮೂಲ ಪಾಸ್‌ವರ್ಡ್ ಕೊಟ್ಟಾಗ ಮಾತ್ರ ತೆರೆಯುವ ಪೆಟ್ಟಿಗೆ. ಗೂಗಲ್ ಖಾತೆಯಲ್ಲೇ ಒಂದು ಇದೆ. ಆ್ಯಪಲ್ 2024ರಲ್ಲಿ ಐಒಎಸ್ 18ರ ಜೊತೆಗೆ ಪಾಸ್‌ವರ್ಡ್ಸ್ ಎಂಬ ಬೇರೆ ಆ್ಯಪನ್ನೇ ಕೊಟ್ಟಿತು. ಎರಡೂ ಬಗೆಯ ಸಾಧನಗಳು ಮನೆಯಲ್ಲಿದ್ದರೆ ಬಿಟ್‌ವಾರ್ಡನ್ ಅನುಕೂಲ. ಅದು ಮುಕ್ತ ತಂತ್ರಾಂಶ, ಸಾಮಾನ್ಯ ಬಳಕೆಗೆ ಉಚಿತ ಖಾತೆಯೇ ಸಾಕಾಗುತ್ತದೆ. ಇವುಗಳ ಒಂದು ಗುಣವನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ನೀವು ಉಳಿಸಿದ ಜಾಲತಾಣದ ವಿಳಾಸಕ್ಕೂ ಈಗ ತೆರೆದಿರುವ ಪುಟದ ವಿಳಾಸಕ್ಕೂ ಒಂದು ಅಕ್ಷರದ ವ್ಯತ್ಯಾಸವಿದ್ದರೂ ಮ್ಯಾನೇಜರ್ ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ಅಸಲಿಯಂತೆಯೇ ಕಾಣುವ ನಕಲಿ ಪುಟ ಕಣ್ಣನ್ನು ಮೋಸಗೊಳಿಸಬಹುದು, ಇದನ್ನು ಅಷ್ಟು ಸುಲಭವಾಗಿ ಮೋಸಗೊಳಿಸಲಾಗದು. ಎಂದಿನಂತೆ ತುಂಬಿಕೊಳ್ಳಬೇಕಾದ ಜಾಗ ಖಾಲಿ ಉಳಿದರೆ ನೀವೇ ಬೆರಳಚ್ಚು ಮಾಡಲು ಹೊರಡದೆ ವಿಳಾಸವನ್ನು ಮತ್ತೊಮ್ಮೆ ಓದಿ.

ಇದರ ಜೊತೆಗೆ ಇಮೇಲ್‌ನಂಥ ಮುಖ್ಯ ಖಾತೆಗಳಿಗೆ ಎರಡನೆಯ ಬೀಗವಾಗಿ ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಳ್ಳಿ. ಅದು 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆಯನ್ನು ಫೋನಿನಲ್ಲೇ ಲೆಕ್ಕ ಹಾಕಿ ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಗೂಗಲ್ ಅಥೆಂಟಿಕೇಟರ್‌ನಲ್ಲಿ ಈ ಸಂಖ್ಯೆಗಳ ಗುಟ್ಟನ್ನು ಖಾತೆಯಲ್ಲಿ ಬ್ಯಾಕಪ್ ಮಾಡುವ ಸೌಲಭ್ಯ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಬಳಸುತ್ತಿದ್ದವರಲ್ಲಿ ನಾನೂ ಒಬ್ಬ. ಫೋನು ನೀರಿಗೆ ಬಿದ್ದ ದಿನ ನಾಲ್ಕು ಖಾತೆಗಳ ಹೊರಗೆ ನಿಂತು ಬಾಗಿಲು ತಟ್ಟುವಂತಾಯಿತು. ಈ ಎರಡನೆಯ ಬೀಗ ಹಾಕಿಕೊಳ್ಳುವಾಗ ಕೊಡುವ ರಿಕವರಿ ಕೋಡ್‌ಗಳನ್ನು (ಫೋನು ಕೈಯಲ್ಲಿಲ್ಲದಾಗ ಖಾತೆಯ ಒಳಹೋಗಲು ಬಿಡುವ ಸಂಕೇತಗಳನ್ನು) ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಹೌದು, ಕಾಗದದ ಮೇಲೆಯೇ. ಹಳೆಯ ‘ಮುಖ್ಯ’ ಟಿಪ್ಪಣಿಯನ್ನು ಅಳಿಸಿದ ಮೇಲೆ ಅದೇ ಆ್ಯಪಿನ ಕಸದ ಬುಟ್ಟಿಯನ್ನೂ ಖಾಲಿ ಮಾಡುವುದನ್ನು ಮರೆಯಬೇಡಿ.

ಪ್ರಶ್ನೆ: ದಾಖಲೆಗಳನ್ನು ಸ್ಕ್ಯಾನ್ ಮಾಡಲು ಯಾವ ಆ್ಯಪ್ ಸುರಕ್ಷಿತ?

ಉತ್ತರ: ಫೋನಿನ ಜೊತೆಗೇ ಬಂದದ್ದನ್ನು ಮೊದಲು ನೋಡಿ. ಐಫೋನಿನ ನೋಟ್ಸ್ ಆ್ಯಪಿನಲ್ಲಿ 2017ರಿಂದಲೂ ಸ್ಕ್ಯಾನ್ ಸೌಲಭ್ಯವಿದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್ ತೆರೆದು ಕ್ಯಾಮೆರಾದ ಗುರುತನ್ನು ಒತ್ತಿದರೆ ಪಿಡಿಎಫ್ ಸಿದ್ಧವಾಗುತ್ತದೆ. ಹೆಸರಾದ ಆ್ಯಪ್ ಎಂದಮಾತ್ರಕ್ಕೆ ನಿಶ್ಚಿಂತರಾಗಿರುವಂತಿಲ್ಲ. 10 ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳಲಾಗಿದ್ದ ಕ್ಯಾಮ್‌ಸ್ಕ್ಯಾನರ್‌ನ ಆಂಡ್ರಾಯ್ಡ್ ಆವೃತ್ತಿಯ ಜಾಹೀರಾತು ಭಾಗದಲ್ಲಿ ದುರುದ್ದೇಶದ ತಂತ್ರಾಂಶ ಸೇರಿಕೊಂಡಿದ್ದುದನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಸಂಶೋಧಕರು 2019ರ ಆಗಸ್ಟ್‌ನಲ್ಲಿ ಪತ್ತೆ ಹಚ್ಚಿದರು; ಗೂಗಲ್ ಅದನ್ನು ಪ್ಲೇ ಸ್ಟೋರಿನಿಂದ ತೆಗೆಯಿತು, ಆ ಭಾಗವನ್ನು ಕಿತ್ತುಹಾಕಿದ ಮೇಲೆ ಆ್ಯಪ್ ಮರಳಿ ಬಂತು. ಬೇರೆಯವರು ಬರೆದ ಜಾಹೀರಾತಿನ ತುಣುಕೊಂದು ಒಳಗೆ ಸೇರಿದರೆ ಆ್ಯಪ್ ಮಾಡಿದವರ ಕಣ್ಣೂ ತಪ್ಪಬಹುದು ಎಂಬುದಕ್ಕೆ ಇದು ಸಾಕ್ಷಿ.

ಸ್ಕ್ಯಾನ್ ಆ್ಯಪಿಗೆ ಕ್ಯಾಮೆರಾ ಬೇಕು, ಒಪ್ಪಬಹುದು. ನಿಮ್ಮ ಸಂಪರ್ಕಗಳ ಪಟ್ಟಿ, ನೀವಿರುವ ಸ್ಥಳ ಅದಕ್ಕೇಕೆ? ಅಂಥ ಅನುಮತಿ ಕೇಳಿದರೆ ನಿರಾಕರಿಸಿ. ನಿರಾಕರಿಸಿದ್ದಕ್ಕೆ ಕೆಲಸ ಮಾಡುವುದಿಲ್ಲ ಎಂದು ಹಟ ಹಿಡಿದರೆ ತೆಗೆದುಹಾಕಿ. ಆಂಡ್ರಾಯ್ಡ್ 11ರಿಂದೀಚೆಗೆ ‘ಈ ಬಾರಿ ಮಾತ್ರ’ ಎಂಬ ಆಯ್ಕೆಯೂ ಇದೆ, ಅಪರೂಪಕ್ಕೆ ಬಳಸುವ ಆ್ಯಪಿಗೆ ಅದೇ ಸರಿ.

ಸ್ಕ್ಯಾನ್ ಮಾಡುವಾಗ ಕಾಗದವನ್ನು ಕಪ್ಪು ಬಟ್ಟೆಯ ಮೇಲೆ ಇಟ್ಟರೆ ಅಂಚುಗಳನ್ನು ಫೋನು ತಾನೇ ಸರಿಯಾಗಿ ಹಿಡಿಯುತ್ತದೆ; ಬೆಳಕು ತಲೆಯ ಮೇಲಿನ ದೀಪದಿಂದ ಬರುವುದಕ್ಕಿಂತ ಪಕ್ಕದ ಕಿಟಕಿಯಿಂದ ಬಂದರೆ ನಿಮ್ಮ ಕೈಯ ನೆರಳು ಬೀಳುವುದಿಲ್ಲ. ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರಂಭಿಸಿ: ‘2025-03-14 ವಿಮೆ ರಸೀದಿ’ ಎಂಬಂತೆ. ಹೀಗೆ ಇಟ್ಟ ಹೆಸರುಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲುಗಟ್ಟುತ್ತವೆ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ. ಜಾಗವನ್ನು ನುಂಗುವುದು ಹೆಚ್ಚಾಗಿ ವಿಡಿಯೊಗಳು, ದಾಖಲೆಗಳಲ್ಲ.

ಪ್ರಶ್ನೆ: ಕೆಲಸಕ್ಕೆಂದು ಹಾಕಿಕೊಂಡ ಆ್ಯಪ್‌ಗಳೇ ಟಿಣ್ ಟಿಣ್ ಎನ್ನುತ್ತಾ ಕೆಲಸ ಕೆಡಿಸುತ್ತಿವೆ. ಗಮನ ಉಳಿಸಿಕೊಳ್ಳಲು ನೆರವಾಗುವ ಆ್ಯಪ್ ಇದ್ದರೆ ತಿಳಿಸಿ.

ಉತ್ತರ: ಆ್ಯಪ್‌ಗಳ ಕಾಟಕ್ಕೆ ಇನ್ನೊಂದು ಆ್ಯಪೇ ಮದ್ದು ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ ಸ್ಕ್ರೀನ್ ಟೈಮ್ ಎರಡೂ 2018ರಲ್ಲೇ ಬಂದಿವೆ. ಯಾವ ಆ್ಯಪಿಗೆ ಎಷ್ಟು ಹೊತ್ತು ಕೊಟ್ಟಿರಿ, ದಿನಕ್ಕೆ ಎಷ್ಟು ಸಲ ಫೋನು ಎತ್ತಿದಿರಿ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ. ಯಾವುದು ಹೆಚ್ಚು ಸಲ ಕರೆಯುತ್ತಿದೆ ಎಂಬುದನ್ನು ಅಲ್ಲಿ ನೋಡಿಕೊಂಡು ಅದರಿಂದಲೇ ಆರಂಭಿಸಿ. ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ನೋಟಿಫಿಕೇಶನ್ ಕಳಿಸುವ ಮೊದಲು ನಿಮ್ಮ ಅನುಮತಿ ಕೇಳಲೇಬೇಕು. ಐಫೋನಿನಲ್ಲಿ ಈ ಪದ್ಧತಿ ಮೊದಲಿನಿಂದಲೂ ಇದೆ. ‘ಬೇಡ’ ಎನ್ನುವುದೇ ನಿಮ್ಮ ಮೊದಲ ಉತ್ತರವಾಗಿರಲಿ. ಅದರಿಂದ ನಿಜಕ್ಕೂ ತೊಂದರೆಯಾದರೆ ಆಮೇಲೆ ಬಿಟ್ಟುಕೊಡಬಹುದು.

ಎಲ್ಲವನ್ನೂ ಒಟ್ಟಿಗೆ ಮುಚ್ಚಬೇಕಾಗಿಯೂ ಇಲ್ಲ. ಆಂಡ್ರಾಯ್ಡ್‌ನಲ್ಲಿ ಬಂದ ಸೂಚನೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅದು ಯಾವ ಬಗೆಯದೆಂದು ತೋರಿಸುತ್ತದೆ: ಸಂದೇಶ, ಜ್ಞಾಪನೆ, ಕೊಡುಗೆ, ಹೀಗೆ. ಕೊಡುಗೆಯದನ್ನು ಆರಿಸಿ ಅದೊಂದನ್ನೇ ಬಾಯಿ ಮುಚ್ಚಿಸಬಹುದು. ಕ್ಯಾಲೆಂಡರಿಗೆ, ಕರೆಗೆ, ನಿಮ್ಮನ್ನು ಹೆಸರಿಟ್ಟು ಕರೆಯುವ ಮನುಷ್ಯರ ಸಂದೇಶಗಳಿಗೆ ಸದ್ದು ಇರಲಿ. ಇಮೇಲ್ ಸದ್ದಿಲ್ಲದೆ ಬಂದು ಕೂತಿರಲಿ. ಕೆಲಸದ ಪಟ್ಟಿಯ ಆ್ಯಪ್ ‘ನಿನ್ನೆ ನೀವು ಬರಲಿಲ್ಲ’ ಎಂದು ಹಂಗಿಸಿದರೆ ಅದನ್ನಂತೂ ಖಂಡಿತ ಮುಚ್ಚಿಸಿ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೋರೊ ಪದ್ಧತಿಗೆಂದೇ ಹತ್ತಾರು ಆ್ಯಪ್‌ಗಳಿವೆ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ ಅದನ್ನು ರೂಪಿಸಿದ್ದು ಅಡುಗೆಮನೆಯಲ್ಲಿ ಇಡುವ, ಟೊಮೆಟೊ ಆಕಾರದ, ಕೀಲಿ ತಿರುಗಿಸುವ ಟೈಮರ್‌ನಿಂದ. ಹೆಸರು ಬಂದದ್ದೂ ಅದರಿಂದಲೇ, ಇಟಾಲಿಯನ್ನಿನಲ್ಲಿ ಟೊಮೆಟೊಗೆ ಪೊಮೊಡೋರೊ ಎನ್ನುತ್ತಾರೆ. ನಿಮ್ಮ ಫೋನಿನ ಗಡಿಯಾರದಲ್ಲಿ ಟೈಮರ್ ಇದ್ದೇ ಇದೆ. ಅದನ್ನು 25 ನಿಮಿಷಕ್ಕೆ ಇಟ್ಟು ಫೋನನ್ನು ಪಕ್ಕದ ಕೋಣೆಯಲ್ಲಿ, ಸದ್ದು ಕೇಳಿಸುವಷ್ಟು ದೂರದಲ್ಲಿ ಇಟ್ಟುಬನ್ನಿ. ಟೈಮರ್ ನಿಲ್ಲಿಸಲು ಎದ್ದು ಹೋಗಬೇಕಾಗುತ್ತದೆ, ಬಿಡುವಿನ ಮೊದಲ ನಿಮಿಷ ಆ ನಡಿಗೆಯಲ್ಲೇ ಕಳೆಯುತ್ತದೆ.